ಬುರುಡೆಯ ಹೊರಗಿನಿಂದ ಮಿದುಳಿನ ಶೋಧ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ರೈತರಿಗೆ ಒಂದು ನೋಟ ಚೆನ್ನಾಗಿ ಪರಿಚಿತವಾದುದು. ಕೊಳವೆಬಾವಿ ಕೊರೆಯುವ ಮುನ್ನ ಭೂಗರ್ಭಶಾಸ್ತ್ರ ಬಲ್ಲವರು ನೆಲದಲ್ಲಿ ನಾಲ್ಕು ಗೂಟಗಳನ್ನು ನೆಟ್ಟು, ಹೊರಗಿನ ಎರಡರ ಮೂಲಕ ವಿದ್ಯುತ್ತನ್ನು ಹಾಯಿಸಿ, ಒಳಗಿನ ಎರಡರ ನಡುವೆ ವೋಲ್ಟೇಜನ್ನು ಅಳೆಯುತ್ತಾರೆ. ಬಿಗಿಬಂಡೆ ಪ್ರವಾಹವನ್ನು ತಡೆಯುತ್ತದೆ. ನೀರು ತುಂಬಿದ ಬಿರುಕು ಅದಕ್ಕೆ ದಾರಿ ಕೊಡುತ್ತದೆ. ಅಮೆರಿಕದ ಫ್ರಾಂಕ್ ವೆನ್ನರ್ 1915ರಲ್ಲಿ ಪ್ರಕಟಿಸಿದ ಕ್ರಮವಿದು. ಆದರೆ ಒಂದೇ ಅಳತೆಯು ಎರಡು ಬಗೆಯ ಪದರಗಳಿಗೆ ಹೊಂದುವುದೂ ಉಂಟು. ಆಗ ರೈತನ ಹಣ ಒಣನೆಲದ ಪಾಲು.

ಮನುಷ್ಯನ ತಲೆಯ ವಿಷಯದಲ್ಲಿಯೂ ತೊಡಕು ಇಂಥದೇ. ಭೇದವೇನೆಂದರೆ, ನೆಲಕ್ಕೆ ವಿದ್ಯುತ್ತನ್ನು ನಾವು ಕೊಡುತ್ತೇವೆ. ತಲೆಯಲ್ಲಿ ಮಿದುಳೇ ಅದನ್ನು ಹುಟ್ಟಿಸುತ್ತದೆ. ಜರ್ಮನಿಯ ಯೇನಾ ನಗರದ ವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಅದನ್ನು ಮನುಷ್ಯನ ತಲೆಯಿಂದ ಮೊದಲು ಗುರುತಿಸಿ, 1929ರಲ್ಲಿ ಲೋಕಕ್ಕೆ ತಿಳಿಸಿದನು. ನೆತ್ತಿಯ ಮೇಲೆ ದೊರೆಯುವುದು ವೋಲ್ಟಿನ ಹತ್ತು ಲಕ್ಷ ಪಾಲುಗಳಲ್ಲಿ ಕೆಲವು ಹತ್ತು ಪಾಲು ಮಾತ್ರ.

ಈ ಅಲೆ ಮಿದುಳಿನ ಯಾವ ಎಡೆಯಲ್ಲಿ ಹುಟ್ಟಿತು? ಹೊರಗಿನ ಅಳತೆಯೊಂದರಿಂದಲೇ ಒಳಗಿನ ಮೂಲವನ್ನು ನಿರ್ಧರಿಸಲಾಗದೆಂದು ಹೆಲ್ಮ್‌ಹೋಲ್ಟ್ಸ್ 1853ರಷ್ಟು ಹಿಂದೆಯೇ ತೋರಿಸಿದ್ದನು. ಆದುದರಿಂದ ನಡುವೆ ಇರುವ ಮೂಳೆ, ಚರ್ಮ, ದ್ರವಗಳ ಗುಣವನ್ನು ಮೊದಲು ತಿಳಿದಿರಬೇಕು.

ಲೆಕ್ಕಕ್ಕೆ ಸುಲಭವಾಗಲೆಂದು ವಿಜ್ಞಾನಿಗಳು ತಲೆಯನ್ನು ಗೋಳವೆಂದು ಭಾವಿಸಿದರು. 1968ರಲ್ಲಿ ರಷ್ ಮತ್ತು ಡ್ರಿಸ್ಕಾಲ್ ಎಂಬವರು ಮಿದುಳು, ಬುರುಡೆ, ನೆತ್ತಿಯ ಚರ್ಮಗಳನ್ನು ಒಂದರೊಳಗೊಂದು ಕೂಡಿಸಿದ ಮೂರು ಗೋಳಗಳಂತೆ ಲೆಕ್ಕಹಾಕಿದರು. ಬುರುಡೆಯು ಮಿದುಳಿಗಿಂತ 80 ಪಟ್ಟು ಹೆಚ್ಚಾಗಿ ಪ್ರವಾಹವನ್ನು ತಡೆಯುತ್ತದೆಂಬುದು ಅವರ ಎಣಿಕೆ. ದಶಕಗಳ ಕಾಲ ಇದೇ ಅಂಕೆ ನಡೆದುಬಂದಿತು. 2000ದಲ್ಲಿ ಪ್ರಕಟವಾದ ಅಳತೆಯಾದರೋ ಸುಮಾರು 15 ಪಟ್ಟೆಂದು ಹೇಳಿತು!

ತಲೆ ಗೋಳವೂ ಅಲ್ಲ. 1980ರ ದಶಕದಿಂದೀಚೆಗೆ ಕಾಂತೀಯ ಚಿತ್ರಗಳು ಮತ್ತು ಕಂಪ್ಯೂಟರುಗಳ ನೆರವಿನಿಂದ ನಿಜವಾದ ತಲೆಯ ಆಕಾರವೇ ಲೆಕ್ಕಕ್ಕೆ ಬಂದಿತು. ಈಗ ತಲೆಯನ್ನು ಲಕ್ಷಾಂತರ ಕಿರುತುಂಡುಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಅದರ ವಾಹಕ ಗುಣವನ್ನು ಕೊಡುತ್ತಾರೆ. ಮಿದುಳನ್ನು ಸುತ್ತುವರಿದ ದ್ರವವು ಮಿದುಳಿಗಿಂತ ಸುಮಾರು ಐದು ಪಟ್ಟು ಉತ್ತಮ ವಾಹಕ. ಬಳಿಕ ಒಂದೆಡೆ ಮೂಲವಿದೆಯೆಂದು ಊಹಿಸಿ, ನೆತ್ತಿಯ ಮೇಲೆ ಏನು ತೋರಬೇಕೆಂದು ಗುಣಿಸಿ, ನಿಜವಾದ ಅಳತೆಯೊಡನೆ ಹೋಲಿಸುತ್ತಾರೆ.

ಇದು ಪಂಡಿತರ ವಿನೋದವಲ್ಲ. ಅಪಸ್ಮಾರದ ರೋಗಿಗಳಲ್ಲಿ ಸುಮಾರು ಮೂವರಿಗೊಬ್ಬರಂತೆ ಔಷಧಿಗೆ ಬಗ್ಗದವರಿದ್ದಾರೆ. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ನಿಮ್ಹಾನ್ಸ್ ಆಯಿತು. ನಮ್ಮ ಸೀಮೆಯ ರೋಗಿಗಳಿಗೂ ಅದು ಆಸರೆ. ಅಂಥವರಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆಯಿಂದ ಗುಣವಾಗುವುದುಂಟು. ಆದರೆ ಸೆಳವು ಹುಟ್ಟುವ ಎಡೆ ನಿಖರವಾಗಿ ತಿಳಿದಿರಬೇಕು. ಮೂಳೆಯ ಒಂದು ಅಂಕೆ ತಪ್ಪಿದರೆ ಆ ಎಡೆ ಲೆಕ್ಕದಲ್ಲಿ ಒಂದು ಸೆಂಟಿಮೀಟರಿನಷ್ಟು ಸರಿಯಬಹುದು. ಮಿದುಳಿನಲ್ಲಿ ಅಷ್ಟು ದೂರದೊಳಗೇ ಮಾತಿನ ಅಥವಾ ಕೈಬಲದ ನೆಲೆ ಇರಬಹುದು. ಆದುದರಿಂದಲೇ ವೈದ್ಯರು ಗಣಕದ ಉತ್ತರವನ್ನು ಸಾಕ್ಷಿಗಳಲ್ಲಿ ಒಂದೆಂದು ಎಣಿಸುತ್ತಾರೆಯೇ ಹೊರತು ತೀರ್ಪೆಂದು ಎಣಿಸುವುದಿಲ್ಲ.