ಪತಿ ಅಮೆರಿಕದಲ್ಲಿ, ಪತ್ನಿ ಜತ್ತದಲ್ಲಿ: ವೀಸಾ ತೀರ್ಮಾನಕ್ಕೆ ಕಾಯುವ ಕಾಲದ ಭೇಟಿಗಳು

ಜತ್ತ ತಾಲೂಕಿನ ಕನ್ನಡಿಗರಿಗೆ ಗಡಿ ದಾಟುವ ಸಂಬಂಧ ಹೊಸದಲ್ಲ. ಉಮದಿಯ ಹೆಣ್ಣು ಚಡಚಣಕ್ಕೆ, ಅಥಣಿಯ ಹೆಣ್ಣು ಸಂಖ ಅಥವಾ ಬಿಳೂರಿಗೆ ಸೊಸೆಯಾಗಿ ಹೋಗುವುದಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಕಿಲ್ಲ. ಆದರೆ ಪುಣೆ, ಬೆಂಗಳೂರಿನ ಕಂಪನಿಗಳ ಮೂಲಕ ಮಗನೋ ಅಳಿಯನೋ ಅಮೆರಿಕ ಸೇರಿದಾಗ ಎದುರಾಗುವ ಗಡಿಯೇ ಬೇರೆ. ಅಲ್ಲಿ ಮದುವೆಯಾದ ಮಾತ್ರಕ್ಕೆ ಜೊತೆಯಲ್ಲಿ ಬಾಳುವ ಅನುಮತಿ ದೊರೆಯದು. ಅರ್ಜಿ ಹಾಕಿ ತೀರ್ಮಾನ ಬರುವವರೆಗಿನ ಅವಧಿಯಲ್ಲಿ ದಂಪತಿ ಹೇಗೆ ಭೇಟಿಯಾಗಬಹುದು ಎಂದು ಶಾಲೆಗೆ ಬರುವ ಪಾಲಕರು ಕೇಳುತ್ತಿರುತ್ತಾರೆ. ಇಲ್ಲಿ ಪತಿ ವಿದೇಶದಲ್ಲಿರುವಂತೆ ಬರೆದಿದ್ದರೂ ಪತ್ನಿ ಅಲ್ಲಿದ್ದರೆ ನಿಯಮ ಅದೇ.

ಎಷ್ಟು ಕಾಯಬೇಕು ಎಂಬುದು ಮೊದಲಿಗೆ ಪತಿಯ ಬಳಿ ಇರುವ ಕಾಗದವನ್ನು ಅವಲಂಬಿಸಿದೆ. ಆತ ಎಚ್-1ಬಿ ವೀಸಾದಲ್ಲಿ ಕೆಲಸಕ್ಕಿದ್ದರೆ ಪತ್ನಿಯೂ 21 ವರ್ಷದೊಳಗಿನ ಅವಿವಾಹಿತ ಮಕ್ಕಳೂ ಎಚ್-4 ವೀಸಾ ಪಡೆದು ಜೊತೆಗಿರಬಹುದು. ಮಕ್ಕಳು ಅಲ್ಲಿಯ ಶಾಲೆಗೂ ಸೇರಬಹುದು. ಆತ ಅಮೆರಿಕದ ಪೌರನಾಗಿದ್ದರೆ ಪತ್ನಿಯ ವೀಸಾಕ್ಕೆ ವಾರ್ಷಿಕ ಸಂಖ್ಯಾಮಿತಿ ಇಲ್ಲ. ಕಚೇರಿಗಳು ಕಡತ ನೋಡುವಷ್ಟು ಕಾಲ ಮಾತ್ರ ಕಾಯಬೇಕು. ಗ್ರೀನ್ ಕಾರ್ಡ್ ಹೊಂದಿದ ಕಾಯಂ ನಿವಾಸಿಯಾಗಿದ್ದರೆ ಮಾತ್ರ ಎಫ್2ಎ ಎಂಬ ವರ್ಗದ ಸರದಿಯಲ್ಲಿ ನಿಲ್ಲಬೇಕು. ಈ ವರ್ಗಕ್ಕೆ ವಾರ್ಷಿಕ ಮಿತಿ ಇದೆ, ಸರದಿ ಈಚೆಗೆ ವರ್ಷಗಟ್ಟಲೆ ಹಿಂದುಳಿದಿದೆ. ಅಲ್ಲಿಯ ವಿದೇಶಾಂಗ ಇಲಾಖೆ ಪ್ರತಿ ತಿಂಗಳು ಹೊರಡಿಸುವ ವೀಸಾ ಪ್ರಕಟಣೆಯಲ್ಲಿ ಸರದಿ ಯಾವ ದಿನಾಂಕಕ್ಕೆ ಬಂದಿದೆ ಎಂದು ನೋಡಬಹುದು.

ಇಲ್ಲಿ ಬಹಳ ಜನ ಗಮನಿಸದ ಸಂಗತಿಯೊಂದಿದೆ. ಪತಿಗೆ ಉದ್ಯೋಗದ ಮೂಲಕ ಗ್ರೀನ್ ಕಾರ್ಡ್ ದೊರೆಯುವ ಮೊದಲೇ ಮದುವೆ ನಡೆದಿದ್ದರೆ, ಪತ್ನಿ ಆತನ ಸರದಿಯಲ್ಲೇ ಪಾಲು ಪಡೆದು ಹಿಂದಿನಿಂದ ಸೇರಿಕೊಳ್ಳಬಹುದು. ಕಾರ್ಡ್ ಬಂದ ಮರುದಿನ ಮದುವೆಯಾದರೆ ಎಫ್2ಎ ಸರದಿಯ ಕೊನೆಗೆ ನಿಲ್ಲಬೇಕಾಗುತ್ತದೆ. ಮುಹೂರ್ತ ಹುಡುಕುವಾಗ ಪಂಚಾಂಗದ ಜೊತೆಗೆ ಈ ದಿನಾಂಕವನ್ನೂ ಕೇಳಿಕೊಳ್ಳುವುದು ಕ್ಷೇಮ.

ಇನ್ನು ಭೇಟಿಯ ವಿಷಯ. ಐ-130 ಅರ್ಜಿ ವಿಚಾರಣೆಯಲ್ಲಿರುವಾಗ ಪತ್ನಿ ಪ್ರವಾಸಿ ವೀಸಾ ಕೇಳಬಾರದೆಂಬ ನಿಷೇಧವಿಲ್ಲ. ಆದರೆ ಅಮೆರಿಕದ ವಲಸೆ ಕಾನೂನಿನ 214(ಬಿ) ಕಲಮಿನಂತೆ, ಪ್ರವಾಸಿ ವೀಸಾ ಕೇಳುವ ಪ್ರತಿಯೊಬ್ಬರೂ ಅಲ್ಲಿಯೇ ನೆಲೆಸಲು ಬರುತ್ತಿದ್ದಾರೆ ಎಂದೇ ಮೊದಲು ಭಾವಿಸಲಾಗುತ್ತದೆ; ಹಾಗಲ್ಲವೆಂದು ತೋರಿಸುವ ಹೊಣೆ ಅರ್ಜಿದಾರರದು. ಪತಿಯೇ ಅಲ್ಲಿರುವಾಗ ಇದು ಕಠಿಣ, ನಿರಾಕರಣೆ ಸಾಮಾನ್ಯ. ಎಚ್-1ಬಿ, ಎಚ್-4 ಅರ್ಜಿದಾರರಿಗೆ ಈ ಭಾವನೆ ಅನ್ವಯಿಸದು.

ಡಿಎಸ್-160 ನಮೂನೆಯಲ್ಲಿ, ನಿಮ್ಮ ಪರವಾಗಿ ಯಾರಾದರೂ ವಲಸೆ ಅರ್ಜಿ ಸಲ್ಲಿಸಿದ್ದಾರೆಯೇ ಎಂಬ ಪ್ರಶ್ನೆ ಇದೆ. ಕೆಲವು ದಲ್ಲಾಳಿಗಳು ‘ಇಲ್ಲ’ ಎಂದು ಬರೆಸುತ್ತಾರೆ. ಇದಕ್ಕಿಂತ ದೊಡ್ಡ ಅಪಾಯ ಬೇರೊಂದಿಲ್ಲ. ವೀಸಾಕ್ಕಾಗಿ ಸುಳ್ಳು ಹೇಳಿದ್ದು ಸಾಬೀತಾದರೆ ಆಜೀವ ಪ್ರವೇಶ ನಿರ್ಬಂಧ ಬೀಳುತ್ತದೆ, ಅದರಿಂದ ವಿನಾಯಿತಿ ಪಡೆಯುವುದು ಸುಲಭವಲ್ಲ. ಪ್ರವಾಸಿ ವೀಸಾ ನಿರಾಕರಣೆಯಾದರೆ ಶುಲ್ಕವಷ್ಟೇ ನಷ್ಟ. ಮುಖ್ಯ ಅರ್ಜಿಗೆ ಧಕ್ಕೆಯಿಲ್ಲ.

ಪ್ರವಾಸಿ ವೀಸಾ ದೊರೆತರೂ ಅದರ ಮೇಲಿನ ಹತ್ತು ವರ್ಷದ ಅವಧಿ ಅಲ್ಲಿರುವ ಅವಧಿಯಲ್ಲ. ವಿಮಾನ ನಿಲ್ದಾಣದಲ್ಲಿ ದಾಖಲಾಗುವ ಐ-94 ದಿನಾಂಕವೇ ಅಂತಿಮ; ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ಅನುಮತಿಯ ದಿನಾಂಕ ಮೀರಿ 180 ದಿನಕ್ಕಿಂತ ಹೆಚ್ಚು ಉಳಿದು ಹೊರಬಂದರೆ 3 ವರ್ಷ, ಒಂದು ವರ್ಷ ಅಥವಾ ಹೆಚ್ಚು ಉಳಿದರೆ 10 ವರ್ಷ ಮತ್ತೆ ಪ್ರವೇಶವಿಲ್ಲ. ಪ್ರವಾಸಿ ವೀಸಾದಲ್ಲಿ ಮಗುವನ್ನು ಅಲ್ಲಿಯ ಶಾಲೆಗೆ ಸೇರಿಸುವಂತಿಲ್ಲ. ಆದ್ದರಿಂದ ಅಂಥ ಭೇಟಿಯನ್ನು ಮೇ ತಿಂಗಳ ರಜೆಗೆ ಹೊಂದಿಸಿ ಜೂನ್ ಮಧ್ಯದಲ್ಲಿ ಶಾಲೆ ತೆರೆಯುವ ಹೊತ್ತಿಗೆ ಮರಳುವುದು ಲೇಸು; ಇಲ್ಲಿಯ ಶಾಲೆಯಿಂದ ದಾಖಲೆ ತೆಗೆಸುವ ಅವಸರ ಬೇಡ.

ಪತಿಯೇ ಊರಿಗೆ ಬಂದು ಹೋಗುವುದು ಅನೇಕರಿಗೆ ಸುಲಭದ ದಾರಿ. ಗ್ರೀನ್ ಕಾರ್ಡ್ ಇದ್ದವರು ಸತತವಾಗಿ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಮುಂದೆ ಪೌರತ್ವದ ಅರ್ಜಿಗೆ ಪ್ರಶ್ನೆ ಏಳುತ್ತದೆ. ವರ್ಷ ಮೀರುವುದಾದರೆ ಹೊರಡುವ ಮೊದಲೇ ಮರುಪ್ರವೇಶದ ಅನುಮತಿಗೆ ಅಲ್ಲಿಂದಲೇ ಅರ್ಜಿ ಹಾಕಿರಬೇಕು. ಎಚ್-1ಬಿ ನೌಕರರು ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆಯ ಅವಧಿ ಮುಗಿದಿದೆಯೇ ಎಂದು ನೋಡಿಯೇ ಟಿಕೆಟ್ ತೆಗೆಯಬೇಕು. 2025ರ ಡಿಸೆಂಬರ್ 15ರಿಂದ ಎಚ್-1ಬಿ ಮತ್ತು ಎಚ್-4 ಅರ್ಜಿದಾರರ ಸಾಮಾಜಿಕ ಜಾಲತಾಣದ ಖಾತೆಗಳನ್ನೂ ಪರಿಶೀಲಿಸತೊಡಗಿದಾಗ, ಭಾರತದಲ್ಲಿ ನಿಗದಿಯಾಗಿದ್ದ ಅನೇಕ ಸಂದರ್ಶನಗಳು ತಿಂಗಳುಗಟ್ಟಲೆ ಮುಂದೆ ಹೋದವು. ಕೆಲವು ವಾರಗಳ ರಜೆಗೆಂದು ಬಂದವರು ಇಲ್ಲಿಯೇ ಸಿಲುಕಿಕೊಂಡರು.

ಗಡಿನಾಡ ಕುಟುಂಬಗಳಿಗೆ ನಿಜವಾದ ತೊಡಕು ಮಾತ್ರ ಕಾಗದಪತ್ರಗಳಲ್ಲಿದೆ. ತವರಿನಲ್ಲಿ ‘ಸಿದ್ದವ್ವ’ ಎಂದಿದ್ದವಳು ಇಲ್ಲಿಯ ಪಡಿತರ ಚೀಟಿಯಲ್ಲಿ ‘ಸಿದ್ದಾಬಾಯಿ’ ಆಗಿರುತ್ತಾಳೆ. ಮರಾಠಿ ಬರಹದಲ್ಲಿ ಎ–ಏ, ಒ–ಓ ಭೇದವಿಲ್ಲ. ಅಲ್ಲಿಂದ ಇಂಗ್ಲಿಷಿಗೆ ಹೋದ ಹೆಸರು ಮೂರನೆಯ ರೂಪ ತಾಳುತ್ತದೆ. ಮದುವೆಯ ನಂತರ ಪತಿಯ ಹೆಸರೂ ಅಡ್ಡಹೆಸರೂ ಸೇರಿದಾಗ ನಾಲ್ಕನೆಯದು. ದೂತಾವಾಸದ ಅಧಿಕಾರಿಗೆ ಇವೆಲ್ಲ ಒಬ್ಬಳೇ ಹೆಣ್ಣುಮಗಳೆಂದು ತಾನಾಗಿ ತಿಳಿಯುವುದಿಲ್ಲ. ಇದು ನಮ್ಮ ಭಾಷೆಯ ದೋಷವಲ್ಲ, ಎರಡು ಆಡಳಿತಗಳ ನಡುವೆ ಬದುಕುವವರ ಮೇಲೆ ಬಿದ್ದ ಹೆಚ್ಚಿನ ಹೊರೆ. ಪಾಸ್‌ಪೋರ್ಟಿನಲ್ಲಿರುವ ಅಕ್ಷರಗಳನ್ನೇ ಆಧಾರವಾಗಿಟ್ಟುಕೊಂಡು ಆಧಾರ್, ವಿವಾಹ ಪ್ರಮಾಣಪತ್ರ, ಮಕ್ಕಳ ಜನನ ಪ್ರಮಾಣಪತ್ರಗಳನ್ನು ಹೊಂದಿಸಿಕೊಳ್ಳಬೇಕು. ಜತ್ತದವರ ಪಾಸ್‌ಪೋರ್ಟ್ ಪುಣೆಯ ಪ್ರಾದೇಶಿಕ ಕಚೇರಿಯ ವ್ಯಾಪ್ತಿಗೆ, ವಿಜಯಪುರ ಜಿಲ್ಲೆಯವರದು ಬೆಂಗಳೂರಿನ ವ್ಯಾಪ್ತಿಗೆ ಬರುತ್ತದೆ.

ಪಾಸ್‌ಪೋರ್ಟಿಗೆ ವಿವಾಹ ಪ್ರಮಾಣಪತ್ರ ಕಡ್ಡಾಯವೆಂಬ ನಿಯಮವನ್ನು 2016ರ ಡಿಸೆಂಬರಿನಲ್ಲಿಯೇ ಕೈಬಿಡಲಾಗಿದೆ. ಪತ್ನಿಯಾಗಿ ವೀಸಾ ಪಡೆಯಲು ಅದು ಬೇಕೇ ಬೇಕು. ಮಹಾರಾಷ್ಟ್ರದಲ್ಲಿ 1998ರ ಕಾಯಿದೆಯಂತೆ ಮದುವೆಯಾದ 90 ದಿನಗಳೊಳಗೆ ನೋಂದಣಿ ಆಗಬೇಕು. ತಡವಾದರೆ ದಂಡ ತೆತ್ತು ಮಾಡಿಸಬಹುದು. ಹಳ್ಳಿಗಳಲ್ಲಿ ಈ ಕೆಲಸ ಗ್ರಾಮಸೇವಕರದು. ಮದುವೆ ಅಥಣಿ ಅಥವಾ ಇಂಡಿಯ ಕಡೆ ನಡೆದಿದ್ದರೆ ಕರ್ನಾಟಕದ ಉಪನೋಂದಣಿ ಕಚೇರಿಯಲ್ಲಿ ಮಾಡಿಸಬೇಕು. ಪ್ರಮಾಣಪತ್ರದಲ್ಲಿ ಮದುವೆ ನಡೆದ ದಿನ, ನೋಂದಣಿಯಾದ ದಿನ ಎರಡೂ ಸರಿಯಾಗಿವೆಯೇ ಎಂದು ಅಲ್ಲಿಯೇ ಓದಿ ನೋಡಿರಿ. ಕನ್ನಡ ಅಥವಾ ಮರಾಠಿಯಲ್ಲಿರುವ ದಾಖಲೆಗೆ ಪೂರ್ಣ ಇಂಗ್ಲಿಷ್ ಅನುವಾದ ಬೇಕು; ತಾನು ಎರಡೂ ಭಾಷೆ ಬಲ್ಲವನೆಂದೂ ಅನುವಾದ ಸರಿಯಾಗಿದೆಯೆಂದೂ ಅನುವಾದಕರು ಸಹಿ ಮಾಡಿರಬೇಕು. ಎರಡು ಭಾಷೆ ಬಲ್ಲ ನಮ್ಮ ಶಿಕ್ಷಕರೇ ಇದನ್ನು ಮಾಡಿಕೊಡಬಲ್ಲರು.

ಮಕ್ಕಳಿರುವವರಿಗೆ ಇನ್ನೊಂದು ಎಚ್ಚರಿಕೆ. ಎಫ್2ಎ ಸರದಿಯಲ್ಲಿ ತಾಯಿಯ ಅರ್ಜಿಯಲ್ಲೇ ಮಕ್ಕಳೂ ಸೇರಿರುತ್ತಾರೆ. ಈ ನಡುವೆ ತಂದೆ ಅಮೆರಿಕದ ಪೌರನಾದರೆ ತಾಯಿ ಸರದಿಯಿಂದ ಬಿಡುಗಡೆ ಹೊಂದುತ್ತಾಳೆ, ಆದರೆ ಮಕ್ಕಳು ಆಕೆಯ ಅರ್ಜಿಯಿಂದ ಹೊರಬೀಳುತ್ತಾರೆ. ಪ್ರತಿ ಮಗುವಿಗೂ ತಂದೆ ಪ್ರತ್ಯೇಕ ಐ-130 ಸಲ್ಲಿಸಿರಬೇಕು. ಅದನ್ನು ಮೊದಲೇ ಸಲ್ಲಿಸಿದ್ದರೆ ಮುಂಬೈನ ಸಂದರ್ಶನಕ್ಕೆ ತಾಯಿ ಮಕ್ಕಳು ಒಟ್ಟಿಗೇ ಹೋಗಲು ಅನುಕೂಲವಾಗುತ್ತದೆ.