ಉಪನ್ಯಾಸವೋ? ಕಾದಂಬರಿಯೋ?

ರಾಜ್ಯೋತ್ಸವದ ಸಂಜೆ ವಿದ್ವಾಂಸರೊಬ್ಬರ ಉಪನ್ಯಾಸವಿದೆ ಎಂದು ಮನೆಯಲ್ಲಿ ಹೇಳಿದಾಗ, ದಿಲ್ಲಿಯಲ್ಲಿ ಬೆಳೆದ ಮಗು 'ಅದನ್ನು ಬರೆದವರು ಯಾರು?' ಎಂದು ಕೇಳಿದರೆ ನಗಬಾರದು. ಅದು ಶಾಲೆಯಲ್ಲಿ ಕಲಿತ ಹಿಂದಿಯಲ್ಲಿ ಉಪನ್ಯಾಸವೆಂದರೆ ಕಾದಂಬರಿಯೇ ಸರಿ.

ಸಂಸ್ಕೃತದಲ್ಲಿ ಉಪನ್ಯಾಸವೆಂದರೆ ಹತ್ತಿರ ಇಡುವುದು, ಮಾತನ್ನು ಮುಂದಿಡುವುದು. ಕನ್ನಡ, ತೆಲುಗು, ತಮಿಳುಗಳಲ್ಲಿ ಅದು ಸಭೆಯ ಮುಂದಿಡುವ ಮಾತಾಯಿತು. 19ನೆಯ ಶತಮಾನದಲ್ಲಿ ಇಂಗ್ಲಿಷಿನ ನಾವೆಲ್ಲಿಗೆ ಹೆಸರು ಬೇಕಾದಾಗ ಬಂಗಾಳಿಗಳು ಇದೇ ಪದವನ್ನು ಆರಿಸಿಕೊಂಡರು. 1865ರಲ್ಲಿ ಹೊರಬಂದ ಬಂಕಿಮಚಂದ್ರರ 'ದುರ್ಗೇಶನಂದಿನಿ' ಅಂಥದೊಂದು ಉಪನ್ಯಾಸ. ಹಿಂದಿಯೂ ಆ ಪದವನ್ನೇ ಅಂಗೀಕರಿಸಿತು.

ನಮ್ಮವರು ಹಿಡಿದ ದಾರಿ ಬೇರೆ. 7ನೆಯ ಶತಮಾನದಲ್ಲಿ ಹರ್ಷನ ಆಶ್ರಯದಲ್ಲಿದ್ದ ಬಾಣಭಟ್ಟನು ತನ್ನ ಗದ್ಯಕಾವ್ಯಕ್ಕೆ ಅದರ ನಾಯಿಕೆಯ ಹೆಸರನ್ನೇ ಇಟ್ಟನು: 'ಕಾದಂಬರಿ'. ನಾಗವರ್ಮನು ಅದನ್ನು ಕನ್ನಡದಲ್ಲಿ ಚಂಪೂಕಾವ್ಯವಾಗಿಸಿದನು. ಹೆಣ್ಣಿನ ಹೆಸರು ಗ್ರಂಥದ ಹೆಸರಾಗಿ, ಗ್ರಂಥದ ಹೆಸರು ಕೊನೆಗೊಂದು ಸಾಹಿತ್ಯಪ್ರಕಾರದ ಹೆಸರೇ ಆಯಿತು. ಮರಾಠಿಯೂ ಇದರಲ್ಲಿ ನಮ್ಮ ಜೊತೆಗಿದೆ. ಬಿ. ವೆಂಕಟಾಚಾರ್ಯರು ಕನ್ನಡಕ್ಕೆ ತಂದ ಬಂಕಿಮರ ಉಪನ್ಯಾಸಗಳು ನಮಗೆ ಕಾದಂಬರಿಗಳಾದುವು!

'ಶಿಕ್ಷೆ'ಯ ಪಾಡೂ ಹೀಗೆಯೇ. ಕಲಿಯುವುದು, ಕಲಿಸುವುದು ಎಂಬುದೇ ಅದರ ಮೂಲಾರ್ಥ. ಆರು ವೇದಾಂಗಗಳಲ್ಲಿ ಉಚ್ಚಾರಣೆಯ ಶಾಸ್ತ್ರಕ್ಕೆ 'ಶಿಕ್ಷಾ' ಎಂದೇ ಹೆಸರು. ಕಲಿಸುವವನು ತಿದ್ದುತ್ತಾನೆ, ತಿದ್ದುವವನು ದಂಡಿಸುತ್ತಾನೆ. ಕನ್ನಡ ಮರಾಠಿಗಳಲ್ಲಿ ಪದವು ಈ ದಂಡನೆಯ ಕಡೆಗೆ ವಾಲಿತು. ಹಿಂದಿ ಕಲಿಕೆಯನ್ನೇ ಉಳಿಸಿಕೊಂಡಿತು. 2020ರಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಸಚಿವಾಲಯವು 'ಶಿಕ್ಷಾ ಮಂತ್ರಾಲಯ'ವಾಯಿತೆಂದರೆ ಊರಿನ ಅಜ್ಜಿಗೆ ಸೆರೆಮನೆಯೇ ಕಣ್ಣಮುಂದೆ ಬಂದೀತು. ಆದರೂ 'ಶಿಕ್ಷಣ', 'ಶಿಕ್ಷಕ' ಎನ್ನುವಾಗ ಹಳೆಯ ಅರ್ಥವು ನಮ್ಮ ಬಾಯಲ್ಲೂ ಬದುಕಿದೆ.

ಇದು ಬರಿಯ ವಿನೋದದ ಮಾತಲ್ಲ. ರಜೆಗೆ ಊರಿಗೆ ಹೋದ ಮಗು 'ನನ್ನ ಶಿಕ್ಷೆ ದಿಲ್ಲಿಯಲ್ಲಿ ನಡೆಯುತ್ತಿದೆ' ಎಂದಾಗ ನೆಂಟರಿಷ್ಟರು ಕೈತಟ್ಟಿ ನಕ್ಕರೆ, ಮರುವರ್ಷ ಆ ಮಗು ಬಾಯಿ ತೆರೆಯಲು ಅಂಜುತ್ತದೆ. ಕೇಳಿದ್ದಕ್ಕೆಲ್ಲ ಹಿಂದಿಯಲ್ಲೇ ಉತ್ತರ ಕೊಡುತ್ತದೆ. ಹೊರನಾಡಿನ ಎಷ್ಟೋ ಮನೆಗಳಲ್ಲಿ ಕನ್ನಡವು ಸೊರಗುವುದು ದ್ವೇಷದಿಂದಲ್ಲ, ಇಂಥ ನಗೆಯಿಂದ.

ಮಗು ತಂದ ಅರ್ಥ ಸುಳ್ಳಲ್ಲ. ಒಂದೇ ತೌರಿನಿಂದ ಹೊರಟ ಪದವು ಬೇರೆ ಮನೆಯಲ್ಲಿ ಕಲಿತ ನಡೆ ಅದು. 'ತಪ್ಪು' ಎನ್ನುವ ಮೊದಲು ಆ ಪದದ ಕಥೆಯನ್ನು ಹೇಳೋಣ. ಆಗ ಮಗುವಿಗೆ ಎರಡೂ ಅರ್ಥಗಳು ದಕ್ಕುತ್ತವೆ. ಕನ್ನಡವಾಡುವ ಧೈರ್ಯವೂ ಉಳಿಯುತ್ತದೆ.