ಆಳ, ಇನ್ನೂ ಆಳ, ಎಲ್ಲಕ್ಕಿಂತ ಆಳ

ಬಂಗಾರಪೇಟೆ ಹತ್ತಿರದ ಹಳ್ಳಿಯವನು ನಾನು. ಬಿಇ ಮುಗಿಸಿ ಬೆಂಗಳೂರಿಗೆ ಬಂದು ಕೊಟ್ಟ ಮೊದಲ ಇಂಟರ್‌ವ್ಯೂನಲ್ಲಿ ಊರಿನ ಬಗ್ಗೆ ಹೇಳಿ ಅಂದರು. ಜಂಬದಿಂದ ‘ಕೆಜಿಎಫ್ ಈಸ್ ದಿ ಮೋಸ್ಟ್ ಡೀಪೆಸ್ಟ್ ಮೈನ್ ಇನ್ ದಿ ವರ್ಲ್ಡ್’ ಅಂದೆ. ಎದುರಿಗಿದ್ದವರು ನಕ್ಕರು. ಕೆಲಸ ಸಿಗಲಿಲ್ಲ. ಆ ವಾಕ್ಯದಲ್ಲಿ ಎರಡು ತಪ್ಪಿತ್ತು ಅಂತ ಆಮೇಲೆ ಗೊತ್ತಾಯ್ತು. ಒಂದು ವ್ಯಾಕರಣದ್ದು, ಇನ್ನೊಂದು ಚರಿತ್ರೆಯದು.

ವ್ಯಾಕರಣದ್ದು ಸುಲಭ. ಕನ್ನಡದಲ್ಲಿ ‘ಆಳ’ ಅನ್ನೋ ಪದ ಬದಲಾಗೋದೇ ಇಲ್ಲ. ‘ಅದಕ್ಕಿಂತ ಆಳ’, ‘ಎಲ್ಲಕ್ಕಿಂತ ಆಳ’. ಕೆಲಸವೆಲ್ಲ ‘ಗಿಂತ’ದ್ದು. ಇಂಗ್ಲಿಷಿನಲ್ಲಿ ಪದವೇ ರೂಪ ಬದಲಿಸುತ್ತೆ: ಡೀಪ್, ಡೀಪರ್, ಡೀಪೆಸ್ಟ್. ಚಿಕ್ಕ ಪದಕ್ಕೆ ಹಿಂದೆ ಬಾಲ, ‘ಡೇಂಜರಸ್’ನಂಥ ಉದ್ದದ ಪದಕ್ಕೆ ಮುಂದೆ ಮೋರ್ ಅಥವಾ ಮೋಸ್ಟ್. ಎರಡೂ ಒಟ್ಟಿಗೆ ಬೇಡ. ನಾವು ‘ಹೆಚ್ಚು ಆಳ’ ಅಂತ ಯೋಚಿಸಿ ‘ಮೋರ್ ಡೀಪರ್’ ಅಂದುಬಿಡ್ತೀವಿ.

ಚರಿತ್ರೆಯದು ಕಷ್ಟ. ನಮ್ಮ ‘ಅತ್ಯಂತ ಆಳ’ಕ್ಕೆ ತುಂಬಾ ಆಳ ಅಂತಲೂ ಅರ್ಥ, ಎಲ್ಲಕ್ಕಿಂತ ಆಳ ಅಂತಲೂ ಅರ್ಥ. ಇಂಗ್ಲಿಷಿನ ‘ಡೀಪೆಸ್ಟ್’ ಅಷ್ಟಕ್ಕೆ ಬಿಡಲ್ಲ. ಯಾವ ಗುಂಪಿನಲ್ಲಿ, ಯಾವ ಕಾಲದಲ್ಲಿ ಅಂತ ಲೆಕ್ಕ ಕೇಳುತ್ತೆ. ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದಿತ್ತು ನಿಜ. ಆದರೆ ದಕ್ಷಿಣ ಆಫ್ರಿಕಾದ ಗಣಿಗಳು ಇನ್ನೂ ಕೆಳಗೆ ಹೋಗಿವೆ. ಹಾಗಾಗಿ ‘ಒನ್ ಆಫ್ ದಿ ಡೀಪೆಸ್ಟ್ ಮೈನ್ಸ್’ ಅನ್ನೋದೇ ಸರಿ. ಕೊನೆಯ ಬಹುವಚನ ಮರೀಬೇಡಿ.

ಕರೆಂಟಿನ ಕತೆಯೂ ಹಾಗೇ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಗಣಿಗೆ ವಿದ್ಯುತ್ ತಂದರು. ‘ಏಷ್ಯಾದಲ್ಲೇ ಮೊದಲು’ ಅಂತ ನಾವೆಲ್ಲ ಫಾರ್ವರ್ಡ್ ಮಾಡ್ತೀವಿ. ಡಾರ್ಜಿಲಿಂಗ್‌ನಲ್ಲಿ 1897ರಲ್ಲೇ ಜಲವಿದ್ಯುತ್ ಇತ್ತು. ಆದರೆ ಬೆಂಗಳೂರಿಗೆ ಕರೆಂಟು ಬಂದಿದ್ದು 1905ರಲ್ಲಿ. ‘ಅರ್ಲಿಯರ್ ದ್ಯಾನ್ ಬ್ಯಾಂಗಲೋರ್’ ಅಂದರೆ ವ್ಯಾಕರಣವೂ ಸರಿ, ಚರಿತ್ರೆಯೂ ಸರಿ. ಹೆಮ್ಮೆಗೆ ಅದೇನು ಕಮ್ಮಿನಾ?

ನಮ್ಮ ತಾತ ಗಣಿಯೊಳಗೆ ಇಳಿದು ದುಡಿದವರು. ಸೆಕೆ, ಧೂಳು, ಯಾವಾಗ ಬಂಡೆ ಸಿಡಿಯುತ್ತೋ ಅನ್ನೋ ಭಯ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಈಗ ಮಾರಿಕುಪ್ಪಂನಿಂದ ಹೊರಡೋ ರೈಲು ಹತ್ತಿ ಗಣಿಯವರ ಮಕ್ಕಳು, ಮೊಮ್ಮಕ್ಕಳು ಕೆಲಸಕ್ಕೆ ಬೆಂಗಳೂರಿಗೆ ಬರ್ತಾರೆ.

ಇಂಟರ್‌ವ್ಯೂ ಆದ ವಾರ ಊರಿಗೆ ಹೋಗಿ ಕೇಳಿದ್ದೆ: ‘ತಾತ, ನಿಮ್ಮ ಗಣಿ ಪ್ರಪಂಚದಲ್ಲೇ ಆಳದ್ದಾ?’

‘ಪ್ರಪಂಚ ನಾನೆಲ್ಲಿ ನೋಡಿದ್ದೀನಿ ಮಗಾ? ಹೋದ ವರ್ಷಕ್ಕಿಂತ ಈ ವರ್ಷ ಆಳ. ನಮಗೆ ಗೊತ್ತಿದ್ದಿದ್ದು ಅಷ್ಟೇ.’

ಇಂಗ್ಲಿಷ್ ಬಾರದ ತಾತನ ಕಂಪ್ಯಾರೆಟಿವ್‌ನಲ್ಲಿ ಒಂದೂ ತಪ್ಪಿರಲಿಲ್ಲ.